ತಟ್ಟಿ ಕೇಳುವುದು, ಬರೆದಿಡುವುದು

ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯಂದಿರನ್ನು ನೀವು ನೋಡಿರುತ್ತೀರಿ. ಎಡಗೈಯಲ್ಲಿ ಮಡಕೆ ಎತ್ತಿ ಹಿಡಿದು, ಬಲಗೈ ಬೆರಳು ಮಡಚಿ ಒಂದೆರಡು ಏಟು ಕೊಡುತ್ತಾರೆ. ‘ಟಣ್’ ಎಂದರೆ ಮನೆಗೆ, ‘ದಬ್’ ಎಂದರೆ ಅಲ್ಲಿಗೇ ವಾಪಸ್! ತೆಂಗಿನಕಾಯಿ, ಹಲಸು, ಕಲ್ಲಂಗಡಿ ಎಲ್ಲಕ್ಕೂ ಇದೇ ಪರೀಕ್ಷೆ. ಒಡೆದು ನೋಡಿದರೆ ಒಳಗಿರುವುದು ಚೆನ್ನಾಗಿ ತಿಳಿಯುತ್ತದೆ ನಿಜ, ಆದರೆ ಒಡೆದ ಮೇಲೆ ಆ ಮಡಕೆಯಲ್ಲಿ ನೀರು ತುಂಬಿಡಲು ಆಗುತ್ತದೆಯೇ?

ಈ ಪರೀಕ್ಷೆಯಲ್ಲಿ ಒಂದು ತೊಂದರೆ ಇದೆ. ಅಜ್ಜಿ ‘ಬಿರುಕು ಬಿಟ್ಟಿದೆ’ ಅಂದು, ಕುಂಬಾರ ‘ಇಲ್ಲ ಅವ್ವಾ, ಗಟ್ಟಿ ಇದೆ’ ಅಂದರೆ ತೀರ್ಪು ಹೇಳುವವರು ಯಾರು? ಸದ್ದು ಆಗಲೇ ಗಾಳಿಗೆ ಹೋಯಿತು. ಇನ್ನೊಮ್ಮೆ ತಟ್ಟಿದರೂ ಅವರವರ ಕಿವಿಗೆ ಅವರವರದೇ ಸತ್ಯ. ಕೊನೆಗೆ ಬಾಯಿ ಜೋರಿದ್ದವರು ಗೆಲ್ಲುತ್ತಾರೆ.

ಮಡಕೆಯಾದರೆ ಐವತ್ತೋ ನೂರೋ ರೂಪಾಯಿಯ ಮಾತು. ರೈಲು ಹಳಿ, ಅಣೆಕಟ್ಟು ಇಂಥವುಗಳ ಒಳಗೆ ಬಿರುಕಿದೆಯೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ? ಅಲ್ಲೂ ಮಾಡುವುದು ತಟ್ಟಿ ಕೇಳುವ ಕೆಲಸವನ್ನೇ. ಆದರೆ ಈಗ ತಟ್ಟುವುದು ಒಂದು ಹರಳು, ಕೇಳುವುದು ಕಂಪ್ಯೂಟರು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ್ದನ್ನು ಅದು ಬರೆದಿಡುತ್ತದೆ. ಈ ಬರೆದಿಡುವುದರ ಬೆಲೆ ಏನು ಅಂತ ನಮಗೆ ಸ್ಪಷ್ಟವಾಗಿದ್ದು 2024ರ ಬೇಸಿಗೆ ರಜೆಯಲ್ಲಿ ದಿಂಡಿಗಲ್, ತೇನಿ, ಕಂಬಂ ಕಡೆ ಓಡಾಡಿದಾಗ.

ನಾವು ಎಂದರೆ ತಾಳವಾಡಿ ಕಡೆಯ ಮೂವರು ಮೇಷ್ಟ್ರುಗಳು. ನಕ್ಷೆಯ ಲೆಕ್ಕದಲ್ಲಿ ತಮಿಳುನಾಡು, ಪಾಠದ ಲೆಕ್ಕದಲ್ಲಿ ಕನ್ನಡ. ಟಿ.ಸಿ.ಎಚ್. ಮುಗಿಸಿ, ಕೆಲಸ ಮಾಡುತ್ತಲೇ ಬಿ.ಎ. ಕಟ್ಟಿಕೊಂಡವರು. ವಿಜ್ಞಾನದ ಪದವಿ ಮೂವರಲ್ಲಿ ಯಾರಿಗೂ ಇಲ್ಲ. ಆದರೂ ಸರ್ಕಾರಿ ಶಾಲೆಯಲ್ಲಿ ಯಾರು ಯಾವ ಪಾಠವನ್ನೂ ಬಿಡುವ ಹಾಗಿಲ್ಲ ನೋಡಿ, ‘ಶಬ್ದ’ ಪಾಠವನ್ನು ವರ್ಷಾ ವರ್ಷಾ ಮಾಡುತ್ತಲೇ ಬಂದಿದ್ದೇವೆ. ಕಂಬಂನಲ್ಲಿ ನಮ್ಮಲ್ಲೊಬ್ಬರಿಗೆ ಪರಿಚಯದ ಮನೆಯಿತ್ತು. ಆ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದ ಕಪ್ಪಿಲಿಯರ್ ಸಮುದಾಯವಿದೆ. ದಿಂಡಿಗಲ್ ಕಡೆ ಅನುಪ್ಪರ್ ಎಂಬುವರೂ ಹೀಗೇ. ಓದು ಬರಹ ತಮಿಳಿನಲ್ಲಿ, ಅಡುಗೆಮನೆಯ ಮಾತು ಕನ್ನಡದಲ್ಲಿ. ಅವರನ್ನು ನೋಡಿ ಮಾತಾಡಿಸಿಕೊಂಡು ಬರೋಣ ಅಂತ ಹೊರಟಿದ್ದು.

ದಾರಿಯಲ್ಲಿ ದಿಂಡಿಗಲ್‌ನಲ್ಲಿ ಇಳಿಯಲು ಕಾರಣ ನಮ್ಮ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿವರೆಗೆ ನಮ್ಮಲ್ಲೇ ಕನ್ನಡದಲ್ಲಿ ಓದಿ, ಆಮೇಲೆ ಡಿಪ್ಲೊಮಾ ಮಾಡಿ, ಲೋಹ ತಪಾಸಣೆಯ ಪರೀಕ್ಷೆ ಪಾಸು ಮಾಡಿಕೊಂಡು, ಗುತ್ತಿಗೆ ಕಂಪನಿಯೊಂದರಲ್ಲಿ ಹಳಿ ಪರೀಕ್ಷಿಸುವ ಕೆಲಸದಲ್ಲಿದ್ದಾನೆ. “ಬನ್ನಿ ಸಾರ್, ಬೆಳಿಗ್ಗೆ ಆರಕ್ಕೇ ಬನ್ನಿ, ಬಿಸಿಲೇರಿದ ಮೇಲೆ ಸ್ಕ್ರೀನ್ ಕಾಣಲ್ಲ” ಅಂದಿದ್ದ. ಹಳಿಗೆ ಇಳಿಯುವ ಹಾಗಿಲ್ಲವಲ್ಲ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದೆವು.

ಎರಡೂ ಹಳಿಗಳ ಮೇಲೆ ಕೂರುವ ಒಂದು ತಳ್ಳುಗಾಡಿ. ಅದರ ಮೇಲೊಂದು ನೀರಿನ ಡಬ್ಬ, ಪಕ್ಕದಲ್ಲಿ ನೆರಳಿಗೆ ಮುಚ್ಚಳ ಕಟ್ಟಿದ ಪುಟ್ಟ ತೆರೆ. ಕೆಳಗೆ ಹಳಿಗೆ ತಾಗಿಕೊಂಡು ಜಾರುವ ಕೆಲವು ಬಿಲ್ಲೆಗಳು, ಅವನ್ನು ಪ್ರೋಬ್ ಅನ್ನುತ್ತಾರೆ. ನಾಲ್ಕೈದು ಜನ ನಡಿಗೆಯ ವೇಗದಲ್ಲಿ ಅದನ್ನು ತಳ್ಳಿಕೊಂಡು ಹೋಗುತ್ತಾರೆ. ಹಳಿಯ ಮೇಲೆ ಸಣ್ಣಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ಅಷ್ಟೇ! ನೋಡಲು ಐಸ್ ಕ್ಯಾಂಡಿ ಗಾಡಿಗಿಂತ ದೊಡ್ಡದೇನಲ್ಲ. ರೈಲ್ವೆಯವರು ಇದನ್ನು ಯು.ಎಸ್.ಎಫ್.ಡಿ. ಎಂದು ಕರೆಯುತ್ತಾರೆ. ನಾವು ಕನ್ನಡದಲ್ಲಿ ಶ್ರವಣಾತೀತ ಧ್ವನಿಯಿಂದ ದೋಷ ಹುಡುಕುವುದು ಎನ್ನಬಹುದು.

ಕೆಲಸ ನಡೆಯುವ ಬಗೆ ಹೀಗೆ. ಪ್ರೋಬಿನೊಳಗೆ ಒಂದು ಹರಳಿದೆ. ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟರೆ ಅದು ನಡುಗುತ್ತದೆ, ನಡುಗಿಸಿದರೆ ವಿದ್ಯುತ್ತು ಕೊಡುತ್ತದೆ. ಅಂದರೆ ಅದೇ ಬಾಯಿ, ಅದೇ ಕಿವಿ. ಮನುಷ್ಯರ ಕಿವಿ ಕೇಳುವುದು ಸೆಕೆಂಡಿಗೆ 20,000 ಕಂಪನಗಳವರೆಗೆ. ಹಳಿ ಪರೀಕ್ಷೆಯ ಹರಳು ನಡುಗುವುದು ಸೆಕೆಂಡಿಗೆ 20 ಲಕ್ಷದಿಂದ 40 ಲಕ್ಷ ಸಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡಿದರೆ, ಉಕ್ಕಿನಲ್ಲಿ ಸುಮಾರು 5,900 ಮೀಟರು, ಹದಿನೇಳು ಪಟ್ಟು ಜಾಸ್ತಿ! ಹೊರಟ ಧ್ವನಿ ಹಳಿಯ ತಳ ಮುಟ್ಟಿ ವಾಪಸು ಬರುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಹಳಿಯ ಎತ್ತರ 172 ಮಿಲಿಮೀಟರು. ಹೋಗಿ ಬರಲು ಬೇಕಾಗುವ ಸಮಯ ಸೆಕೆಂಡಿನ ಹತ್ತು ಲಕ್ಷದ 58 ಭಾಗ. ನಡುವೆ ಬಿರುಕಿದ್ದರೆ ಅಲ್ಲಿ ಉಕ್ಕು ಮುಗಿದು ಗಾಳಿ ಶುರುವಾಗುತ್ತದೆ. ಉಕ್ಕಿನಿಂದ ಗಾಳಿಗೆ ಈ ಧ್ವನಿ ದಾಟುವುದೇ ಇಲ್ಲ ಎನ್ನಬಹುದು, ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೆ ಹಾರುತ್ತದೆ. ಆದ್ದರಿಂದ ಪ್ರತಿಧ್ವನಿ ಬೇಗ ಬಂತೆಂದರೆ ಮಧ್ಯದಲ್ಲಿ ಏನೋ ಅಡ್ಡ ಇದೆ ಎಂದರ್ಥ. ಎಷ್ಟು ಬೇಗ ಬಂತು ಎನ್ನುವುದರಿಂದ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಬಹುದು. ನೀರು ತೊಟ್ಟಿಕ್ಕಿಸುವುದೂ ಇದೇ ಕಾರಣಕ್ಕೆ. ಪ್ರೋಬು ಮತ್ತು ಹಳಿಯ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಧ್ವನಿ ಒಳಗೆ ಇಳಿಯುವುದಿಲ್ಲ.

“ಎಲ್ಲಾ ಪ್ರೋಬೂ ನೇರ ಕೆಳಗೆ ನೋಡಲ್ಲ ಸಾರ್,” ಅಂದ ನಮ್ಮ ಹುಡುಗ. “ಹಳಿ ತಲೆಯಲ್ಲಿ ಬರೋ ಕೆಟ್ಟ ಬಿರುಕು ಗೋಡೆ ಥರ ನಿಂತಿರುತ್ತೆ. ಮೇಲಿಂದ ನೇರ ನೋಡಿದ್ರೆ ಗೋಡೆ ತುದಿ ಮಾತ್ರ. ಅದಕ್ಕೇ 70 ಡಿಗ್ರಿ ಓರೆ ಮಾಡಿ ಕಳಿಸೋದು, ಗೋಡೆ ಮುಖಕ್ಕೆ ಬಡೀಬೇಕಲ್ಲ.” ಎಷ್ಟು ಸಲೀಸಾಗಿ ಹೇಳಿದ ನೋಡಿ! ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಈ ಗೋಡೆಯಂಥ ಬಿರುಕಿನ ಕತೆ ಹಳೆಯದು. 1911ರ ಆಗಸ್ಟ್ 25ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ರೈಲು ಹಳಿ ತಪ್ಪಿ 29 ಜನ ಸತ್ತರು. ಮುರಿದ ಹಳಿಯನ್ನು ನೋಡಿದರೆ ಒಳಗೇ ಹುಟ್ಟಿ ಒಳಗೇ ಬೆಳೆದ ಬಿರುಕು. ಹೊರಗಿನಿಂದ ಎಷ್ಟು ನೋಡಿದರೂ ಕಾಣುವಂಥದ್ದಲ್ಲ. ನಮ್ಮಲ್ಲೂ 1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ಹಳಿ ಮುರಿದು ಒಂದು ರೈಲಿನ ಬೋಗಿಗಳು ಪಕ್ಕದ ಹಳಿಗೆ ಬಿದ್ದವು. ಎದುರಿನಿಂದ ಬಂದ ಇನ್ನೊಂದು ರೈಲು ಅವಕ್ಕೆ ಬಡಿದು 212 ಜನ ಹೋದರು. ಆ ತಳ್ಳುಗಾಡಿಯನ್ನು ನೋಡುವಾಗ ಈ ಅಂಕಿಗಳು ನೆನಪಿದ್ದರೆ ಅದು ಐಸ್ ಕ್ಯಾಂಡಿ ಗಾಡಿಯಾಗಿ ಕಾಣುವುದಿಲ್ಲ.

ಒಂದು ಕಾಕತಾಳೀಯ ಹೇಳಬೇಕು. ಮದುರೈಯಿಂದ ತೇನಿ ಮೇಲೆ ಬೋಡಿನಾಯಕನೂರಿಗೆ ಮೀಟರ್ ಗೇಜ್ ರೈಲು ಬಂದದ್ದು 1928ರಲ್ಲಿ. ಹಳಿಯೊಳಗಿನ ಬಿರುಕು ಹುಡುಕುವ ಎಲ್ಮರ್ ಸ್ಪೆರಿಯವರ ಗಾಡಿ ಅಮೆರಿಕದಲ್ಲಿ ಓಡಿದ್ದೂ 1928ರಲ್ಲಿ. ಅದು ಶಬ್ದದಿಂದ ಅಲ್ಲ, ವಿದ್ಯುತ್ತು ಕಾಂತತೆಯಿಂದ ಕೆಲಸ ಮಾಡುತ್ತಿತ್ತು. ಅದೇ 1928ರಲ್ಲೇ ರಷ್ಯಾದಲ್ಲಿ ಸೊಕೊಲೊವ್ ಎಂಬ ವಿಜ್ಞಾನಿ ಶ್ರವಣಾತೀತ ಧ್ವನಿಯಿಂದ ಲೋಹದೊಳಗಿನ ದೋಷ ಹುಡುಕಬಹುದೆಂದು ಸೂಚಿಸಿದರು. ಆಮೇಲೆ 1940ರ ಸುಮಾರಿಗೆ ಅಮೆರಿಕದ ಫೈರ್‌ಸ್ಟೋನ್, ಇಂಗ್ಲೆಂಡಿನ ಸ್ಪ್ರೌಲ್ ಬೇರೆ ಬೇರೆಯಾಗಿಯೇ ಪ್ರತಿಧ್ವನಿ ಕೇಳುವ ಯಂತ್ರ ಮಾಡಿದರು. ಬೋಡಿ ರೈಲು 2010ರ ಕೊನೆಗೆ ಗೇಜ್ ಬದಲಾವಣೆಗೆಂದು ನಿಂತಿತು. ಮದುರೈನಿಂದ ತೇನಿವರೆಗಿನ 75 ಕಿಲೋಮೀಟರು ಬ್ರಾಡ್ ಗೇಜ್ ಆಗಿ ಉದ್ಘಾಟನೆಯಾದದ್ದು 2022ರ ಮೇ 26ರಂದು, ಬೋಡಿಗೆ ರೈಲು ಮರಳಿದ್ದು 2023ರ ಜೂನ್ 15ರಂದು. ಹನ್ನೊಂದು ವರ್ಷ ರೈಲಿಲ್ಲದೆ ಕಾದ ಊರು ತೇನಿ. ಹೊಸ ಹಳಿ ಎಂದರೆ ಪರೀಕ್ಷೆ ಬೇಡ ಅಂತಲ್ಲ. ಹಳಿಗಳನ್ನು ಸ್ಥಳದಲ್ಲೇ ಬೆಸೆಯುತ್ತಾರಲ್ಲ, ಪ್ರತಿ ಬೆಸುಗೆಯೂ ಒಂದು ಸಂಶಯದ ಜಾಗವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಯಂತ್ರಗಳಲ್ಲೂ ತೆರೆ ಇತ್ತು. ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಗೆರೆಯಂತೆ ಒಂದು ಗೆರೆ, ಪ್ರತಿಧ್ವನಿ ಬಂದಲ್ಲಿ ಒಂದು ಮೊನೆ. ಇದಕ್ಕೆ ಎ-ಸ್ಕ್ಯಾನ್ ಎನ್ನುತ್ತಾರೆ. ನಡೆಯುತ್ತಾ ನಡೆಯುತ್ತಾ ಒಬ್ಬರು ಆ ಗೆರೆಯನ್ನೇ ದಿಟ್ಟಿಸಬೇಕು, ಮೊನೆ ಎದ್ದಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಬೇಕು, ಕಿಲೋಮೀಟರ್ ಕಲ್ಲಿನ ಲೆಕ್ಕ ಹಿಡಿದು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದದ್ದು ಉಳಿಯಿತು, ಬರೆಯದ್ದು ಹೋಯಿತು. ಕಣ್ಣಿಗೆ ಬೆವರು ಇಳಿದ ಕ್ಷಣದಲ್ಲಿ ಎದ್ದು ಬಿದ್ದ ಮೊನೆಯನ್ನು ಆಮೇಲೆ ಯಾರು ತೋರಿಸಬೇಕು? ತಟ್ಟಿದ ಮಡಕೆಯ ಸದ್ದಿನ ಹಾಗೆ ಅದು ಹೋಗಿಯೇ ಹೋಯಿತು.

ಕಂಪ್ಯೂಟರು ಬಂದು ಮಾಡಿದ್ದು ಇಷ್ಟು. ಹರಳಿನಿಂದ ಬರುವ ವಿದ್ಯುತ್ತನ್ನು ಅದು ಸೆಕೆಂಡಿಗೆ ಹತ್ತು ಕೋಟಿ ಸಲದ ಲೆಕ್ಕದಲ್ಲಿ ಅಳೆಯಬಲ್ಲದು. ಪ್ರತಿ ಅಳತೆಯನ್ನೂ 0ಯಿಂದ 255ರವರೆಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಸದ್ದು ಅಂಕಿಗಳ ಸಾಲಾಯಿತು. ಗಾಡಿಯ ಚಕ್ರಕ್ಕೆ ಕಟ್ಟಿದ ಇನ್ನೊಂದು ಸಾಧನ ಎಷ್ಟು ದೂರ ಉರುಳಿದೆವು ಎಂದು ಹೇಳುತ್ತಾ ಹೋಗುತ್ತದೆ. ಎರಡನ್ನೂ ಜೋಡಿಸಿದರೆ ಪ್ರತಿಧ್ವನಿ ಯಾವ ಜಾಗದ್ದು, ಎಷ್ಟು ಆಳದ್ದು ಎರಡೂ ಗೊತ್ತಾಗುತ್ತದೆ. ಆ ಚುಕ್ಕೆಗಳನ್ನು ಸಾಲಾಗಿ ಇಟ್ಟರೆ ಹಳಿಯನ್ನು ಉದ್ದುದ್ದ ಸೀಳಿ ನೋಡಿದಂಥ ಚಿತ್ರ, ಅದು ಬಿ-ಸ್ಕ್ಯಾನ್. ಒಂದು ತಗಡನ್ನು ಅಡ್ಡಡ್ಡ ಉದ್ದುದ್ದ ಪೂರ್ತಿ ಸವರಿ ಮೇಲಿನಿಂದ ನೋಡಿದಂತೆ ಬರೆದರೆ ಸಿ-ಸ್ಕ್ಯಾನ್. ದಿಂಡಿಗಲ್ ಬೀಗಕ್ಕೆ ಹೆಸರಾದ ಊರಲ್ಲವೇ, ಬೀಗ ತೆಗೆಯದೆ ಕೋಣೆಯೊಳಗಿನ ಸಾಮಾನು ಪಟ್ಟಿ ಮಾಡಿದ ಹಾಗಾಯಿತು ಅಂತ ನಮ್ಮ ಜೊತೆಯ ಮೇಷ್ಟ್ರು ನಗೆಯಾಡಿದರು.

ಹಾಗಾದರೆ ಎಲ್ಲವನ್ನೂ ಬರೆದಿಡುತ್ತದೆಯೇ? ನಾವೇ ಒಂದು ಲೆಕ್ಕ ಹಾಕಿದೆವು. ಒಂದು ಸಲ ಧ್ವನಿ ಹೋಗಿ ಬರುವಷ್ಟರಲ್ಲಿ 5,800 ಅಂಕಿ. ಮೂರು ಮಿಲಿಮೀಟರಿಗೊಮ್ಮೆ ಧ್ವನಿ ಕಳಿಸಿದೆವು ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರು ಹಳಿಗೆ, ಒಂದೇ ಪ್ರೋಬಿಗೆ, 190 ಕೋಟಿಗೂ ಹೆಚ್ಚು ಅಂಕಿ! ಆದ್ದರಿಂದ ಎಷ್ಟೋ ಯಂತ್ರಗಳು ಪೂರ್ತಿ ಗೆರೆಯನ್ನು ಇಟ್ಟುಕೊಳ್ಳುವುದಿಲ್ಲ. ಗೆರೆಯ ಮೇಲೆ ಇಂತಿಷ್ಟು ಜಾಗಕ್ಕೆ ಒಂದು ‘ಗೇಟು’ ಹಾಕುತ್ತಾರೆ. ಆ ಗೇಟಿನೊಳಗೆ ಇಂತಿಷ್ಟಕ್ಕಿಂತ ಎತ್ತರದ ಮೊನೆ ಎದ್ದರೆ ಅದರ ಎತ್ತರ, ಅದು ಬಂದ ಹೊತ್ತು, ಜಾಗ ಇವಿಷ್ಟನ್ನೇ ಇಟ್ಟು ಉಳಿದದ್ದನ್ನು ಬಿಟ್ಟುಬಿಡುತ್ತವೆ.

ಇದು ನಮಗೆ ಗೊತ್ತಿರುವ ಕೆಲಸವೇ ಅನ್ನಿಸಿತು. ಉತ್ತರ ಪತ್ರಿಕೆ ಬೇರೆ, ಅಂಕಪಟ್ಟಿ ಬೇರೆ. ಅಂಕಪಟ್ಟಿಯಲ್ಲಿ ‘ಗಣಿತ 31’ ಎಂದಷ್ಟೇ ಇರುತ್ತದೆ. ಮಗು ಎಲ್ಲಿ ಎಡವಿತು, ಭಾಗಾಕಾರದಲ್ಲೋ, ಪ್ರಶ್ನೆಯ ತಮಿಳೋ ಇಂಗ್ಲಿಷೋ ಅರ್ಥವಾಗದೆಯೋ, ಅದು ಉತ್ತರ ಪತ್ರಿಕೆಯಲ್ಲಿ ಮಾತ್ರ ಸಿಗುತ್ತದೆ. ಪತ್ರಿಕೆ ರದ್ದಿಗೆ ಹೋದ ಮೇಲೆ 31 ಎಂಬುದರ ಜೊತೆ ವಾದ ಮಾಡಲು ಬರುವುದಿಲ್ಲ. ಗೇಟು ಎಲ್ಲಿ ಹಾಕಬೇಕು, ಎಷ್ಟು ಎತ್ತರ ದಾಟಿದರೆ ದೋಷ ಎನ್ನಬೇಕು ಎಂಬುದನ್ನು ಮನುಷ್ಯರೇ ಮೊದಲು ನಿಯಮ ಮಾಡಿ ಬರೆದಿರುತ್ತಾರೆ. ಕಂಪ್ಯೂಟರು ಪಾಲಿಸುವುದು ಅದನ್ನೇ.

“ಮಿಷನ್ ಸುಳ್ಳೂ ಹೇಳುತ್ತಾ?” ಅಂತ ಕೇಳಿದೆವು. “ಸುಳ್ಳು ಹೇಳಲ್ಲ ಸಾರ್, ಕೇಳಿಸದೇ ಇರಬೋದು,” ಅಂದ. ನೀರು ನಿಂತರೆ ಕೇಳಿಸದು. ಹಳಿಯ ಪಾದದ ಎರಡು ಅಂಚುಗಳಿಗೆ ಮೇಲಿನಿಂದ ಹೋಗುವ ಧ್ವನಿ ತಲುಪದು, ಬೆಸುಗೆಯ ಆ ಭಾಗವನ್ನು ಕೈಪ್ರೋಬಿನಿಂದ ಬೇರೆಯಾಗಿ ನೋಡಬೇಕು. ಕೀ ಮ್ಯಾನ್ ದಿನಾ ಹಳಿಯ ಮೇಲೆ ನಡೆದು ಕಣ್ಣಿನಲ್ಲಿ ನೋಡುವುದೂ ತಪ್ಪುವುದಿಲ್ಲ. ದೋಷ ಸಿಕ್ಕಿದ ಕಡೆ ಕೆಂಪು ಬಣ್ಣದಲ್ಲಿ ಗುರುತು. ಕೆಲವನ್ನು ತಕ್ಷಣ ತೆಗೆಯಬೇಕು, ಕೆಲವನ್ನು ಗಮನದಲ್ಲಿ ಇಡಬೇಕು. ಇಲ್ಲಿ ಹಳೆಯ ದಾಖಲೆ ಉಪಯೋಗಕ್ಕೆ ಬರುತ್ತದೆ. ಹಿಂದಿನ ಸಲ ಇದೇ ಜಾಗದಲ್ಲಿ ಎಷ್ಟಿತ್ತು, ಈ ಸಲ ಎಷ್ಟಾಗಿದೆ? ಬೆಳೆಯುತ್ತಿರುವ ಬಿರುಕು ಯಾವುದು, ಹುಟ್ಟಿದಂತೆಯೇ ಇರುವ ಗೀರು ಯಾವುದು? ಒಂದು ದಿನದ ಸದ್ದಿನಿಂದ ಇದು ತಿಳಿಯದು, ಎರಡು ದಾಖಲೆ ಪಕ್ಕಪಕ್ಕ ಇಟ್ಟರೆ ಮಾತ್ರ ತಿಳಿಯುತ್ತದೆ.

ಈ ವಿದ್ಯೆ ತಮಿಳುನಾಡಿನಲ್ಲಿ ಚೆನ್ನಾಗಿ ಬೆಳೆದಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇದಕ್ಕೇ ಒಂದು ದೊಡ್ಡ ತಂಡ ಕೆಲಸ ಮಾಡಿದೆ. ಅಣು ರಿಯಾಕ್ಟರಿನ ಭಾಗಗಳ ಹತ್ತಿರ ವಿಕಿರಣದಿಂದಾಗಿ ಮನುಷ್ಯರು ಹೋಗಿ ನಿಲ್ಲುವ ಹಾಗಿಲ್ಲ. ಪ್ರೋಬನ್ನು ಯಂತ್ರವೇ ಒಯ್ದು, ಕಂಪ್ಯೂಟರೇ ಕೇಳಿ, ಚಿತ್ರವನ್ನು ದೂರದ ಕೋಣೆಗೆ ಕಳಿಸಬೇಕು. ಆ ಕೇಂದ್ರದ ನಿರ್ದೇಶಕರಾಗಿದ್ದ ಬಲದೇವ್ ರಾಜ್ (ಅವರು 2018ರಲ್ಲಿ ತೀರಿಕೊಂಡರು) ಈ ವಿಷಯದಲ್ಲಿ ದೊಡ್ಡ ಹೆಸರು. ಕನ್ನಡದವರಿಗೆ ಹೆಮ್ಮೆಯ ಸಂಗತಿ ಒಂದಿದೆ. ಇದೇ ಕೇಂದ್ರದವರು ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನೂ ಪರೀಕ್ಷಿಸಿದರು. ಕಂಬ ಟೊಳ್ಳಾಗಿರಬೇಕು, ಒಳಗೆ ಏನೋ ಇಟ್ಟಿರಬೇಕು ಎಂದೆಲ್ಲ ಜನ ಹೇಳುತ್ತಿದ್ದರಲ್ಲ, ಕಂಬ ಒಡೆಯದೆ ತಿಳಿಯುವುದು ಹೇಗೆ? ಮಹಾಮಂಟಪದ ಹೆಸರಾಂತ 11 ಕಂಬಗಳ ಸದ್ದನ್ನು ದಾಖಲಿಸಿ, ಕಡಿಮೆ ಆವೃತ್ತಿಯ ಶ್ರವಣಾತೀತ ಧ್ವನಿಯಿಂದ ಕಲ್ಲಿನ ಒಳಗನ್ನು ಪರೀಕ್ಷಿಸಿದರು. ಕಂಬಗಳು ಗಟ್ಟಿ ಕಲ್ಲು, ಬೆರಳೇಟಿಗೆ ಅವು ಬಾಗಿ ಕಂಪಿಸುವುದರಿಂದಲೇ ಆ ನಾದ ಎಂದು 2008ರಲ್ಲಿ ಪ್ರಕಟಿಸಿದರು. ಒಂದು ಚೂರು ಕಲ್ಲನ್ನೂ ಕೀಳದೆ ಒಂದು ಹಳೆಯ ವಾದ ತೀರಿತು!

ದಿಂಡಿಗಲ್‌ನಿಂದ ಮದುರೈಗೆ ಹೋಗಿ, ಅಲ್ಲಿಂದ ಉಸಿಲಂಪಟ್ಟಿ, ಆಂಡಿಪಟ್ಟಿ ದಾಟಿ ತೇನಿಗೆ ರೈಲಿನಲ್ಲೇ ಹೋದೆವು. ಕಂಬಂಗೆ ರೈಲಿಲ್ಲ, ಬಸ್ಸೇ ಗತಿ. ದಿಂಡಿಗಲ್‌ನಿಂದ ಈ ಕಣಿವೆಯ ಮೂಲಕ ಲೋವರ್ ಕ್ಯಾಂಪ್‌ವರೆಗೆ ಹಳಿ ಬೇಕೆಂದು ಅಲ್ಲಿನವರು ಬಹಳ ಕಾಲದಿಂದ ಕೇಳುತ್ತಿದ್ದಾರೆ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಬಾಳೆ, ತೆಂಗು, ಗದ್ದೆ. ಇಷ್ಟೂ ಹಸಿರು ಬೆಟ್ಟದಾಚೆಯಿಂದ ಸುರಂಗದಲ್ಲಿ ಬರುವ ನೀರಿನದು. ಮುಲ್ಲಪೆರಿಯಾರ್ ಅಣೆಕಟ್ಟು ಇರುವುದು ಕೇರಳದ ನೆಲದಲ್ಲಿ, ನೀರು ಕುಡಿಯುವುದು ತಮಿಳುನಾಡಿನ ನೆಲ. ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆ ಅದನ್ನೇ ನಂಬಿಕೊಂಡಿದೆ.

ನಾವು ಇಳಿದುಕೊಂಡ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಮಾತು ಅಣೆಕಟ್ಟಿಗೇ ಬಂತು. ಹಳಿ ಪರೀಕ್ಷೆ ನೋಡಿದ ಉತ್ಸಾಹದಲ್ಲಿ ನಾವು ಎಲ್ಲವನ್ನೂ ವಿವರಿಸುತ್ತಿದ್ದೆವು. ಮನೆಯ ಯಜಮಾನರು ಅವರದೇ ಹಳೆಗಾಲದ ಕನ್ನಡದಲ್ಲಿ ಕೇಳಿದ್ದರ ತಾತ್ಪರ್ಯ ಇಷ್ಟು: ಅಣೆಯನ್ನೂ ಹೀಗೇ ತಟ್ಟಿ ನೋಡಿ ಜಗಳ ಮುಗಿಸಬಾರದೇ?

ಎಂಥ ಪ್ರಶ್ನೆ ನೋಡಿ! 1887ರಿಂದ 1895ರವರೆಗೆ ಪೆನ್ನಿಕ್ವಿಕ್ ಕಟ್ಟಿಸಿದ ಅಣೆ ಅದು. ತಳದಿಂದ 176 ಅಡಿ ಎತ್ತರ, ಒಳಗಿರುವುದು ಸುಣ್ಣ ಸುರ್ಕಿಯ ಗಾರೆ ಮತ್ತು ಕಲ್ಲು. ಒಡೆದರೆ ಏನು ಗತಿ ಎಂದು ಕೆಳಗಿನ ಇಡುಕ್ಕಿಯವರ ಭಯ, ನೀರು ತಗ್ಗಿಸಿದರೆ ಏನು ಗತಿ ಎಂದು ಈ ಕಡೆಯವರ ಭಯ. ಎರಡೂ ನಿಜವಾದ ಭಯಗಳೇ. 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿದರು. ಅಣೆಯನ್ನು ಬಲಪಡಿಸುವ ಕೆಲಸ ನಡೆಯಿತು. 2006ರಲ್ಲಿ ಸುಪ್ರೀಂ ಕೋರ್ಟು 142 ಅಡಿಗೆ ಒಪ್ಪಿತು, ವಾದ ನಿಲ್ಲಲಿಲ್ಲ. 2010ರಲ್ಲಿ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರ ಸಮಿತಿ ನೇಮಕವಾಗಿ ಪರೀಕ್ಷೆಗಳನ್ನು ಮಾಡಿಸಿ 2012ರಲ್ಲಿ ಅಣೆ ಸುರಕ್ಷಿತ ಎಂದು ವರದಿ ಕೊಟ್ಟಿತು. 2014ರ ಮೇ 7ರ ತೀರ್ಪು 142 ಅಡಿಯನ್ನೇ ಎತ್ತಿಹಿಡಿಯಿತು. ಆಮೇಲೂ ಪ್ರತಿ ಮಳೆಗಾಲಕ್ಕೆ ಮಾತು ಏಳುತ್ತಲೇ ಇದೆ.

ಹಳಿಗೆ ಸಾಧ್ಯವಾದದ್ದು ಅಣೆಗೆ ಅಷ್ಟು ಸುಲಭವಾಗಿ ಏಕಿಲ್ಲ ಎಂದು ನಾವು ಹೇಳಿದ್ದು ಹೀಗೆ. ಹಳಿಯ ಉಕ್ಕು ಒಂದೇ ಸಮ ಇರುವ ವಸ್ತು. 40 ಲಕ್ಷ ಕಂಪನದ ಧ್ವನಿಯ ಅಲೆ ಅಲ್ಲಿ ಒಂದೂವರೆ ಮಿಲಿಮೀಟರು ಉದ್ದ, ಆದ್ದರಿಂದ ಸಣ್ಣ ಬಿರುಕೂ ಸಿಕ್ಕಿಬೀಳುತ್ತದೆ. ಕಲ್ಲು ಗಾರೆಯ ಗೋಡೆಯೊಳಗೆ ಆ ಧ್ವನಿ ಕಳಿಸಿದರೆ ಪ್ರತಿ ಕಲ್ಲಿಗೂ ಬಡಿದು ಚೆದುರಿ ಸತ್ತುಹೋಗುತ್ತದೆ. ಜಾತ್ರೆಯಲ್ಲಿ ಪಿಸುಮಾತು ಆಡಿದ ಹಾಗೆ. ಹಾಗಾಗಿ ಕಾಂಕ್ರೀಟಿಗೆ ಸೆಕೆಂಡಿಗೆ 54,000ದಂಥ ಕಡಿಮೆ ಕಂಪನ ಬಳಸುತ್ತಾರೆ. ಅದರ ಅಲೆ ಅಂಗೈ ಅಗಲದ್ದು, ಅದಕ್ಕಿಂತ ಚಿಕ್ಕದು ಅದರ ಕಣ್ಣಿಗೆ ಬೀಳುವುದು ಕಷ್ಟ. ಹತ್ತಾರು ಅಡಿ ದಪ್ಪದ ಅಣೆಯಾದರೆ ಇನ್ನೂ ಕೆಳಗಿಳಿಯಬೇಕು. ಕೊರೆದ ಕೊಳವೆಗಳ ನಡುವೆ ಧ್ವನಿ ಹಾಯಿಸಿ, ನೂರಾರು ದಾರಿಗಳಲ್ಲಿ ಅದು ತೆಗೆದುಕೊಂಡ ಸಮಯವನ್ನು ಕಂಪ್ಯೂಟರಿಗೆ ಕೊಟ್ಟು ಒಳಗಿನ ಚಿತ್ರ ಬಿಡಿಸುವ ವಿಧಾನವೂ ಇದೆ. ಚಿತ್ರ ಬರುತ್ತದೆ, ಆದರೆ ಹಳಿಯ ಚಿತ್ರದಷ್ಟು ಚೊಕ್ಕವಾಗಿ ಬರುವುದಿಲ್ಲ.

ಯಜಮಾನರು ತಲೆದೂಗಿ ಇನ್ನೊಂದು ಮಾತು ಕೇಳಿದರು: ಚಿತ್ರ ಬಂದರೂ ಅವರು ನಂಬುತ್ತಾರೆಯೇ, ಇವರು ನಂಬುತ್ತಾರೆಯೇ?

ರಾತ್ರಿ ನಾವು ಮೂವರೂ ಇದನ್ನೇ ಮಾತಾಡಿಕೊಂಡೆವು. ಗಡಿಯಲ್ಲಿ ಬದುಕುವವರಿಗೆ ಈ ಪ್ರಶ್ನೆ ಹೊಸದಲ್ಲ. ನೀರಿರಲಿ, ಭಾಷೆಯಿರಲಿ, ಅವರ ಅಂಕಿ ಇವರು ನಂಬುವುದಿಲ್ಲ, ಇವರ ಅಂಕಿ ಅವರು ನಂಬುವುದಿಲ್ಲ. ‘ಸುರಕ್ಷಿತ’ ಎಂಬ ಒಂದು ಪದ ಅಂಕಪಟ್ಟಿಯಂಥದ್ದು. ಅದರ ಹಿಂದಿನ ಉತ್ತರ ಪತ್ರಿಕೆ, ಎಂದರೆ ಯಾವ ಜಾಗದಲ್ಲಿ ಯಾವ ಅಳತೆ, ಗೇಟು ಎಲ್ಲಿಗೆ ಹಾಕಿದ್ದರು, ಏನನ್ನು ಬಿಟ್ಟರು ಎಂಬುದು ಎರಡೂ ಕಡೆಯ ಎಂಜಿನಿಯರುಗಳ ಮೇಜಿನ ಮೇಲೆ ತೆರೆದಿದ್ದರೆ, ಹತ್ತು ವರ್ಷದ ಹಿಂದಿನದರ ಪಕ್ಕ ಇಂದಿನದನ್ನು ಇಡಲು ಬಂದರೆ, ಆಗ ಜಗಳವೂ ಒಂದು ಹದಕ್ಕೆ ಬರುತ್ತದೆ. ‘ನೀನು ಸುಳ್ಳ’ ಎನ್ನುವ ಬದಲು ‘ಈ ಮೊನೆ ಏನು?’ ಎಂದು ಕೇಳಬಹುದು. ಯಂತ್ರದಿಂದ ನಂಬಿಕೆ ಹುಟ್ಟುತ್ತದೆ ಎಂದು ನಾವು ಹೇಳುತ್ತಿಲ್ಲ. ನಂಬದವರೂ ತೆರೆದು ನೋಡಬಹುದಾದ ವಸ್ತು ಒಂದು ನಡುವೆ ಇರುತ್ತದೆ, ಅಷ್ಟೇ.

ತಿಳಿದರೆ ಮಾತ್ರ ಸಾಲದು ಎಂಬುದಕ್ಕೆ ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಇದೆ. 2000ದ ಅಕ್ಟೋಬರ್ 17ರಂದು ಅಲ್ಲಿ ಹಳಿಯೊಂದು ರೈಲಿನಡಿಯಲ್ಲಿ ಮುನ್ನೂರಕ್ಕೂ ಹೆಚ್ಚು ಚೂರಾಗಿ ನಾಲ್ವರು ಸತ್ತರು. ಆ ಹಳಿ ಕೆಟ್ಟಿದೆ ಎಂದು ಮೊದಲೇ ಗೊತ್ತಿತ್ತು. ಬದಲಿ ಹಳಿಯೂ ಸ್ಥಳಕ್ಕೆ ಬಂದು ಬಿದ್ದಿತ್ತು, ಹಾಕಿರಲಿಲ್ಲ! ದಾಖಲೆ ಯಾರನ್ನೂ ಎತ್ತಿ ಕೂರಿಸಿ ಕೆಲಸ ಮಾಡಿಸುವುದಿಲ್ಲ. ಗೊತ್ತಿರಲಿಲ್ಲ ಎಂದು ಹೇಳಲು ಮಾತ್ರ ಬಿಡುವುದಿಲ್ಲ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ‘ಶಬ್ದ’ ಪಾಠವನ್ನು ಈ ಸಲ ಬಯಲಿನಲ್ಲಿ ಮಾಡಿದೆವು. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17 ಮೀಟರು ದೂರವಿರಬೇಕು ಎಂದು ಪುಸ್ತಕದಲ್ಲಿದೆಯಲ್ಲ, ಮಕ್ಕಳನ್ನು ಅದರ ಎರಡರಷ್ಟು ದೂರ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದೆವು. ಒಂದು ಗುಂಪು ಸ್ಟಾಪ್‌ವಾಚಿನಲ್ಲಿ 0.3 ಸೆಕೆಂಡು ಎಂದು ಹಿಡಿದು ಗೋಡೆ 51 ಮೀಟರು ಎಂದಿತು. ಇನ್ನೊಂದು ಗುಂಪಿನ ಒಬ್ಬಳು ಮೆಲ್ಲಗೆ “0.2 ಸಾರ್” ಅಂದಳು. ಅವಳ ಗುಂಪಿನವರೇ ಒಪ್ಪಲಿಲ್ಲ, ಗಲಾಟೆ ಜೋರಾಯಿತು.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆವು. ಸಾಮಾನ್ಯವಾಗಿ ಇಂಥ ರೆಕಾರ್ಡಿಂಗು ಸದ್ದನ್ನು ಅಳೆಯುವುದು ಸೆಕೆಂಡಿಗೆ 44,100 ಸಲ. ಹಳಿಯ ಯಂತ್ರದ ಹತ್ತು ಕೋಟಿಯ ಮುಂದೆ ಏನೂ ಅಲ್ಲ, ಆದರೆ ನಮ್ಮ ಗೋಡೆಗೆ ಧಾರಾಳ ಸಾಕು. ತೆರೆಯ ಮೇಲೆ ಎರಡು ಮೊನೆ: ದೊಡ್ಡದು ಚಪ್ಪಾಳೆ, ಚಿಕ್ಕದು ಗೋಡೆಯ ಉತ್ತರ. ನಮ್ಮ ಶಾಲೆಯ ಮೊದಲ ಎ-ಸ್ಕ್ಯಾನ್! ಎರಡರ ನಡುವೆ 0.2 ಸೆಕೆಂಡಿನ ಆಸುಪಾಸು. ಟೇಪು ಹಿಡಿದು ಅಳೆದರೆ 34 ಮೀಟರಿನ ಆಸುಪಾಸು. ಆ ಹುಡುಗಿ ಏನೂ ಹೇಳಲಿಲ್ಲ, ಎದ್ದು ಬಂದು ತೆರೆಯ ಮೇಲಿನ ಚಿಕ್ಕ ಮೊನೆಯ ಮೇಲೆ ಬೆರಳಿಟ್ಟು ತನ್ನ ಗುಂಪಿನವರಿಗೆ ತೋರಿಸಿದಳು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೇನು ಎಂದು ತಂದೆ ತಾಯಿಯರು ಪ್ರತಿ ದಾಖಲಾತಿಯಲ್ಲೂ ಕೇಳುತ್ತಾರೆ. ಕೇಳುವುದು ಅವರ ಹಕ್ಕು. ದಿಂಡಿಗಲ್‌ನಲ್ಲಿ ಆ ಹುಡುಗನಿಗೆ ನಾವೂ ಅದನ್ನೇ ಕೇಳಿದ್ದೆವು. “ಟ್ರೈನಿಂಗ್ ಎಲ್ಲಾ ಇಂಗ್ಲಿಷ್ ಸಾರ್, ಮೊದಲ ಎರಡು ತಿಂಗಳು ಪದಗಳೇ ಬಾಯಿಗೆ ಬರ್ತಿರಲಿಲ್ಲ,” ಎಂದು ಮುಚ್ಚುಮರೆಯಿಲ್ಲದೆ ಹೇಳಿದ. “ಆದ್ರೆ ಪ್ರತಿಧ್ವನಿ ಅಂದ್ರೇನು ಅಂತ ಗೊತ್ತಿತ್ತಲ್ಲ, ಅದನ್ನ ಯಾರೂ ಹೊಸದಾಗಿ ಹೇಳಿಕೊಡಬೇಕಾಗಲಿಲ್ಲ.” ಆ ಎರಡು ತಿಂಗಳ ಕಷ್ಟವನ್ನು ಒಂದು ತಿಂಗಳಿಗೆ ಇಳಿಸುವುದು ನಮ್ಮ ಕೆಲಸ. ಈಗ ನಮ್ಮ ಎಂಟನೆಯ ತರಗತಿಯ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ: ಎಡಕ್ಕೆ ಪ್ರತಿಧ್ವನಿ, ಆವೃತ್ತಿ, ಶ್ರವಣಾತೀತ; ಬಲಕ್ಕೆ ಎಕೋ, ಫ್ರೀಕ್ವೆನ್ಸಿ, ಅಲ್ಟ್ರಾಸಾನಿಕ್. ಪ್ರಯೋಗದ ದಿನ, ಹೊತ್ತು, ಅಳತೆ, ಅಳೆದವರ ಹೆಸರು ಬರೆಯಲು ಒಂದು ನೋಟ್ ಪುಸ್ತಕವನ್ನೂ ಅದರ ಕೆಳಗೆ ದಾರ ಕಟ್ಟಿ ನೇತುಹಾಕಿದ್ದೇವೆ. ಅಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಒಪ್ಪದಿದ್ದವರು ಮತ್ತೆ ಅಳೆದು ಕೆಳಗೆ ಬರೆಯಬಹುದು.